ಚೌರಪ್ಪನನ್ನು ಹೊತ್ತ ದಾರಿ

ಚೌರಪ್ಪ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿ ಭದ್ರಾವತಿಗೆ ಬಂದಾಗ ಇನ್ನಾಸಪ್ಪ ಮನೆಯಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ. ಸುದ್ದಿ ತಂದವನು ಪಕ್ಕದ ಮನೆಯ ಷಡಕ್ಷರಪ್ಪ. ಮೂವರೂ ಕಾರ್ಖಾನೆಯ ಎರಕದ ವಿಭಾಗದಲ್ಲಿ ಒಂದೇ ಪಾಳಿಯಲ್ಲಿ ದುಡಿದವರು. ಇನ್ನಾಸಪ್ಪ ಕೈಯಲ್ಲಿದ್ದ ಲುಂಗಿಯನ್ನು ಪೂರ್ತಿ ಹಿಂಡಿ, ತಂತಿಯ ಮೇಲೆ ಹರವಿ, ಅದರ ಸುಕ್ಕು ಬಿಡಿಸಿದ. ಷಡಕ್ಷರಪ್ಪ, ಮಧ್ಯಾಹ್ನ ಇಲ್ಲಿಗೇ ತರುತ್ತಾರಂತೆ, ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡುತ್ತಾರಂತೆ ಎಂದಷ್ಟು ಹೇಳಿ ಹೋದ.

ಮಣ್ಣು ಮಾಡುವುದೆಂದರೆ ಇನ್ನಾಸಪ್ಪನ ಕೆಲಸ. ಸಂತ ಜೋಸೆಫರ ಸಹೋದರ ಸಂಘಕ್ಕೆ ಈಗ ಅವನೇ ಅಧ್ಯಕ್ಷ. ಸಂಘವೆಂದರೂ ಹೆಚ್ಚುಕಡಿಮೆ ಅವನೇ.

ಆ ಸಂಘ ಹುಟ್ಟಿದ್ದು ಒಂದು ತಳ್ಳುಗಾಡಿಯಿಂದ. ಕಾರ್ಖಾನೆಗೆ ಆಳು ಬೇಕಾಗಿದ್ದ ಕಾಲದಲ್ಲಿ ಸೇಲಂ, ತ್ರಿಶೂರು, ಮಂಗಳೂರು, ಕೋಲಾರ ಎಂದು ದಿಕ್ಕುದಿಕ್ಕಿನಿಂದ ಬಂದ ಕ್ರೈಸ್ತ ಹುಡುಗರು ಒಂದೇ ಸಾಲಿನ ಕೋಣೆಗಳಲ್ಲಿ ಇದ್ದರು. ಅವರಲ್ಲೊಬ್ಬ ಜ್ವರ ಬಂದು ಸತ್ತ. ಹೊರಲು ಬಂಧುಗಳಿಲ್ಲ. ತರಕಾರಿಯ ಗಾಡಿಯಲ್ಲಿ ಪೆಟ್ಟಿಗೆ ಇಟ್ಟು ತಳ್ಳಿಕೊಂಡು ಹೋದರು. ತಿರುವಿನಲ್ಲಿ ಚಕ್ರ ಗುಂಡಿಗಿಳಿದು ಪೆಟ್ಟಿಗೆ ಜಾರಿ ರಸ್ತೆಗೆ ಬಿತ್ತು. ಅದನ್ನು ಎತ್ತಿದವರಲ್ಲಿ ಇನ್ನಾಸಪ್ಪನ ಅಪ್ಪನೂ ಒಬ್ಬ. ಅಂದು ಸಂಜೆ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಅವರು ಮಾತು ಕೊಟ್ಟುಕೊಂಡರು: ಇನ್ನು ಮೇಲೆ ಸಹೋದರನಾಗಲಿ, ಅವನ ಮನೆಯವರಾಗಲಿ, ಇಗರ್ಜಿಯಿಂದ ಸಮಾಧಿಯವರೆಗೆ ಸಹೋದರರ ಹೆಗಲ ಮೇಲೇ ಹೋಗಬೇಕು, ಕೆಳಗೆ ಚಕ್ರ ಉರುಳಬಾರದು.

ಇನ್ನೊಂದು ಕಟ್ಟಳೆ ಆಮೇಲೆ ಬಂತು. ದಾರಿಯಲ್ಲಿ ಕೊಂಕಣಿಯಲ್ಲಿ ಜಪಮಾಲೆ ಶುರು ಮಾಡಿದರೆ ತಮಿಳಿನವರಿಗೆ ಮುನಿಸು, ತಮಿಳಿನಲ್ಲಿ ಹಾಡಿದರೆ ಕನ್ನಡದವರಿಗೆ. ಒಮ್ಮೆ ಹೆಣ ಹೊತ್ತುಕೊಂಡೇ ಜಗಳವಾಯಿತಂತೆ. ಹಾಗಾಗಿ ಹೊತ್ತವರು ಯಾರೂ ಬಾಯಿ ಬಿಡಬಾರದೆಂದು ತೀರ್ಮಾನಿಸಿದರು. ಮುಂದೆ ಎಡಗಡೆ ಹೆಗಲು ಕೊಟ್ಟವನ ಹೆಜ್ಜೆಯೇ ಹೆಜ್ಜೆ. ಅವನು ತಿರುಗಿದತ್ತ ಉಳಿದವರು ತಿರುಗಬೇಕು. ಜಗಳ ತಪ್ಪಿಸಲು ಬಂದ ಮೌನಕ್ಕೆ ವರ್ಷ ಕಳೆದಂತೆ ಪ್ರಾರ್ಥನೆಯ ಗೌರವ ಬಂತು. ನ್ಯೂ ಟೌನಿನಲ್ಲಿ ಸಂಘದ ನೀಲಿ ಪಟ್ಟಿ ಕೊರಳಿಗೆ ಹಾಕಿದ ಗಂಡಸರು ಸದ್ದಿಲ್ಲದೆ ಬರುವುದು ಕಂಡರೆ ಹೋಟೆಲಿನವರು ರೇಡಿಯೋ ಆರಿಸುತ್ತಿದ್ದರು.

ಸಂಘ ಬೇರೆ ಕೆಲಸಗಳನ್ನೂ ಮಾಡಿತು. ವಿಧವೆಯರ ಮನೆಗೆ ಹೆಂಚು ಹೊದಿಸಿತು, ಆಸ್ಪತ್ರೆಗೆ ರಕ್ತ ಕೊಟ್ಟಿತು, ಕ್ರಿಸ್ಮಸ್‌ಗೆ ಗೋದಲಿ ಕಟ್ಟಿತು. ಆಮೇಲೆ ಕಾರ್ಖಾನೆ ಸೊರಗಿತು, ಕ್ವಾರ್ಟರ್ಸುಗಳು ಖಾಲಿಯಾದವು, ಹೆಗಲುಗಳು ಊರು ಬಿಟ್ಟವು ಅಥವಾ ತಾವೇ ಪೆಟ್ಟಿಗೆಯೊಳಗೆ ಹೋದವು. ಉಳಿದವರು ಇನ್ನಾಸಪ್ಪ, ಮಂಡಿನೋವಿನ ವರ್ಗೀಸ್, ಮತ್ತು ಚೌರಪ್ಪ.

ಚೌರಪ್ಪ ಇನ್ನಾಸಪ್ಪನ ಜೋಡಿ. ಮುಂದೆ ಎಡಕ್ಕೆ ಒಬ್ಬ, ಬಲಕ್ಕೆ ಇನ್ನೊಬ್ಬ. ಎತ್ತರ ಒಂದೇ, ನಡಿಗೆ ಒಂದೇ. ಅವರಿಬ್ಬರೂ ಹೊತ್ತರೆ ಪೆಟ್ಟಿಗೆಯ ಮೇಲಿಟ್ಟ ಹೂವು ಅಲುಗುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಕೊರೊನಾದ ಎರಡನೇ ವರ್ಷ ಇನ್ನಾಸಪ್ಪನ ಹೆಂಡತಿ ಲೂರ್ದಮ್ಮ ಬೆಳಿಗ್ಗೆ ಮನೆಯಲ್ಲೇ ಹೋದಳು. ಇನ್ನಾಸಪ್ಪ ಚೌರಪ್ಪನಿಗೆ ಫೋನು ಮಾಡಿ ಹೇಳಿ, ಗೇಟು ತೆರೆದಿಟ್ಟು ಕಾದ. ಎರಡು ಸಾಲಿನ ಆಚೆಗೆ ಚೌರಪ್ಪನ ಮನೆ. ಹೊರಲು ಬಿಡುವುದಿಲ್ಲವೆಂದು ಇನ್ನಾಸಪ್ಪನಿಗೂ ಗೊತ್ತಿತ್ತು. ಬಂದು ರಸ್ತೆಯ ಆಚೆ ನಿಂತಿದ್ದರೆ ಸಾಕಿತ್ತು. ಬಿಳಿ ಅಂಗಿಯವರು ಬಂದರು, ಗಾಡಿ ಬಂತು, ಲೂರ್ದಮ್ಮನನ್ನು ಒಳಗೆ ಸರಿಸಿ ಬಾಗಿಲು ಹಾಕಿದರು. ಚಕ್ರ ಉರುಳಿತು. ಚೌರಪ್ಪ ಬರಲಿಲ್ಲ. ಸಂಜೆ ಇನ್ನಾಸಪ್ಪ ಗೇಟಿಗೆ ಚಿಲಕ ಹಾಕಿದ. ಆಮೇಲೆ ಅವರಿಬ್ಬರೂ ಇಗರ್ಜಿಯಲ್ಲಿ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು, ಒಂದೇ ನೀರಿನಲ್ಲಿ ಬೆರಳದ್ದಿ ಶಿಲುಬೆ ಗುರುತು ಹಾಕಿಕೊಂಡರು. ಮಾತಾಡಲಿಲ್ಲ. ಮಗಳು ಚೌರಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ ದಿನವೂ ಮಾತಾಡಲಿಲ್ಲ.

ಇಂದು ಹನ್ನೊಂದರ ಸುಮಾರಿಗೆ ಆ ಮಗಳೇ ಬಂದಳು. ಪುಷ್ಪಾ, ಅತ್ತು ಮುಗಿಸಿದ ಮುಖ. ದೇಹದ ಜೊತೆ ಗಂಡನನ್ನು ಬಿಟ್ಟು ತಾನು ಮುಂದಾಗಿ ಬಂದಿದ್ದಳು. ಕೂರಲಿಲ್ಲ.

"ಮಾವ, ಅಪ್ಪನ್ನ ಹೆಗಲ ಮೇಲೆ ಕಳಿಸ್ಕೊಡ್ಬೇಕು."

"ಹೆಗಲು ಎಲ್ಲಿದೆಯಮ್ಮ?" ಎಂದ ಇನ್ನಾಸಪ್ಪ. "ಫಾದರ್ ಗಾಜಿನ ಗಾಡಿ ತರಿಸ್ತಾರೆ. ಲೂರ್ದೂನೂ ಗಾಡೀಲೇ ಹೋದ್ಲು."

ಈ ಮಾತನ್ನು ಅವನು ಚೌರಪ್ಪನಿಗೆಂದು ವರ್ಷಗಳಿಂದ ಕಾದಿಟ್ಟಿದ್ದ. ಮಗಳ ಮುಂದೆ ಅದು ಬಾಯಿಂದ ಬಿದ್ದಾಗ ಚಿಕ್ಕದಾಗಿ ಕಂಡಿತು.

"ಅವತ್ತು ಅಪ್ಪ ಹೆದರ್ಕೊಂಡ್ರು ಮಾವ. ಬಾಗಿಲು ಹಾಕ್ಕೊಂಡು ಒಳಗೇ ಕೂತಿದ್ರು. ನಾನು ಸುಳ್ಳು ಹೇಳಲ್ಲ."

ಆಮೇಲೆ ಅವಳು ಹೇಳಿದ್ದು ಇಷ್ಟು. ಹೋದ ವರ್ಷದಿಂದ ಅಪ್ಪನ ನೆನಪು ಚದುರಿತ್ತು. ಬೆಳಿಗ್ಗೆ ಎದ್ದವನೇ ನೀಲಿ ಪಟ್ಟಿ ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಇನ್ನಾಸಿ ಮನೇಲಿ ಸಾವಾಗಿದೆ, ಹೊತ್ತಾಯ್ತು, ಗೇಟು ತೆಗೆದಿಟ್ಕೊಂಡು ಕಾಯ್ತಿರ್ತಾನೆ ಎನ್ನುತ್ತಿದ್ದ. ಒಂದೆರಡು ಸಲ ಬಸ್ ಸ್ಟ್ಯಾಂಡಿನವರೆಗೂ ಹೋಗಿಬಿಟ್ಟಿದ್ದ. ಅವಳು ಚಪ್ಪಲಿ ಬಚ್ಚಿಡಲು ಶುರು ಮಾಡಿದಳು. "ಬರಿಗಾಲಲ್ಲೇ ಹೊರಡೋರು," ಎಂದಳು. "ಅದಕ್ಕೇ ನಿಮ್ಗೆ ಫೋನ್ ಮಾಡಿದ್ದು, ಈಸ್ಟರಿಗೆ ಮುಂಚೆ, ತಪಸ್ಸು ಕಾಲದಲ್ಲಿ. ಒಂದ್ಸಲ ಬಂದು ಮುಖ ತೋರ್ಸಿ ಅಂತ."

ಫೋನು ಬಂದಿದ್ದು ಇನ್ನಾಸಪ್ಪನಿಗೆ ನೆನಪಿತ್ತು. ನೋಡೋಣಮ್ಮ ಎಂದಿದ್ದ. ಬಸ್ಸಿನಲ್ಲಿ ಒಂದು ಗಂಟೆಯೂ ಆಗದ ದಾರಿ.

ಪುಷ್ಪಾ ಹೋದ ಮೇಲೆ ಅವನು ಸಂಘದ ಕೋಣೆಗೆ ಹೋಗಿ ಟ್ರಂಕಿನಿಂದ ಪಟ್ಟಿಗಳನ್ನು ತೆಗೆದ. ನುಸಿಗುಳಿಗೆಯ ವಾಸನೆ ಬಡಿಯಿತು. ಹಿಂದೆಲ್ಲಾ ಒಬ್ಬ ಹೊಸಬನಿಗೆ ಪಟ್ಟಿ ಸಿಗಬೇಕಾದರೆ ಒಂದು ತಪಸ್ಸು ಕಾಲವಿಡೀ ರೋಗಿಗಳ ಸೇವೆ ಮಾಡಬೇಕಿತ್ತು. ಇಂದು ಪುಷ್ಪಾಳ ಗಂಡನಿಗೊಂದು, ಕಾಯಿರ್‌ನಲ್ಲಿ ಹಾಡುವ ಇಬ್ಬರಿಗೆ ಎರಡು, ಒಂದು ವರ್ಗೀಸನಿಗೆ. ತನ್ನದೂ ಸೇರಿ ಐದು. ಆರನೆಯ ಹೆಗಲು ಇಲ್ಲ. ಬಾಗಿಲಲ್ಲಿ ಷಡಕ್ಷರಪ್ಪ ನಿಂತಿದ್ದ.

"ಒಂದು ಇತ್ಲಾಗೆ ಕೊಡು."

"ಇದು ಸಂಘದ್ದು ಕಣೋ. ಹಣೆ ತುಂಬ ವಿಭೂತಿ ಇಟ್ಕೊಂಡಿದ್ದೀಯ."

"ಹೊರೋದು ಹೆಗಲ ಮೇಲಲ್ವೇನೋ ಮಾರಾಯ, ಹಣೆ ಮೇಲಲ್ಲವಲ್ಲ. ನಮ್ಮಲ್ಲಿ ಕೂರಿಸಿ ಒಯ್ತೀವಿ, ನಿಮ್ಮಲ್ಲಿ ಮಲಗ್ಸಿ ಒಯ್ತೀರ. ಭಾರ ಏನು ಬೇರೆನಾ?"

ಇನ್ನಾಸಪ್ಪ ಪಟ್ಟಿಯನ್ನು ಅವನ ಕೊರಳಿಗೆ ಹಾಕಿ, ಮಡಿಕೆ ಸರಿಪಡಿಸಿದ. ಸಂಘ ಕಟ್ಟಿದವರು ಇದ್ದಿದ್ದರೆ ಏನೆನ್ನುತ್ತಿದ್ದರೋ ಗೊತ್ತಿಲ್ಲ. ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ.

ಇಗರ್ಜಿಯಲ್ಲಿ ಪೂಜೆ ಮುಗಿಯಿತು. ಮುಂದೆ ಎಡಕ್ಕೆ ಇನ್ನಾಸಪ್ಪ, ಬಲಕ್ಕೆ, ಚೌರಪ್ಪನ ಜಾಗದಲ್ಲಿ, ಷಡಕ್ಷರಪ್ಪ. ಅವನು ಕುಳ್ಳ. ಪೆಟ್ಟಿಗೆ ಒಂದು ಕಡೆಗೆ ವಾಲಿ, ಹೂವಿನ ಹಾರ ಮೆಲ್ಲಗೆ ಜಾರುತ್ತಾ ಬಂತು. ವರ್ಗೀಸನ ಏದುಸಿರು ಹಿಂದಿನಿಂದ ಕೇಳುತ್ತಿತ್ತು.

ಕೂಡುರಸ್ತೆಯಲ್ಲಿ ಸಿಮೆಟ್ರಿಗೆ ಎಡಕ್ಕೆ ಹೋಗಬೇಕು. ಇನ್ನಾಸಪ್ಪ ಬಲಕ್ಕೆ ತಿರುಗಿದ.

ಹಿಂದಿನ ಹೆಜ್ಜೆಗಳು ತಡವರಿಸಿದವು. ಆದರೆ ಕೇಳುವ ಹಾಗಿರಲಿಲ್ಲ, ತಿರುಗಿದವು. ಎಡಕ್ಕೆ ಸಾಕಷ್ಟು ದೂರ ಹೋಗಿದ್ದ ಎಳೆಯ ವಯಸ್ಸಿನ ಫಾದರ್, ಬೆನ್ನ ಹಿಂದೆ ಯಾರೂ ಇಲ್ಲದ್ದು ಕಂಡು, ನಿಲುವಂಗಿ ಎತ್ತಿಕೊಂಡು ಓಡೋಡಿ ಬಂದರು. ಏನಿದು ಎಂದು ಕೇಳಲು ಬಾಯಿ ತೆರೆದವರು ಪುಷ್ಪಾಳ ಮುಖ ನೋಡಿ ಅವಳ ಪಕ್ಕ ಹೆಜ್ಜೆ ಹಾಕಿದರು. ಅವಳಿಗೆ ದಾರಿ ಗೊತ್ತಾಗಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಇನ್ನಾಸಪ್ಪನ ಮನೆಯ ಮುಂದೆ ಚರಂಡಿಗೆ ಹಾಸಿದ ಚಪ್ಪಡಿಯ ಮೇಲೆ ಅವರು ಪೆಟ್ಟಿಗೆ ಇಳಿಸಿದರು. ಇನ್ನಾಸಪ್ಪ ಗೇಟಿನ ಚಿಲಕ ತೆಗೆದು, ಎರಡೂ ಬಾಗಿಲುಗಳನ್ನು ಗೋಡೆಗೆ ತಾಗುವವರೆಗೆ ಸರಿಸಿದ. ಇಷ್ಟು ದಿನ ಅವನು ಬೇಲಿಯ ಕಡೆಯ ಪುಟ್ಟ ಗೇಟಿನಲ್ಲಿ ಓಡಾಡುತ್ತಿದ್ದ. ಈ ದೊಡ್ಡ ಗೇಟು ಲೂರ್ದಮ್ಮ ಹೋದ ದಿನದಿಂದ ತೆರೆದಿರಲಿಲ್ಲ. ತುಕ್ಕು ಹಿಡಿದ ಕೀಲು ಬೀದಿಗೆಲ್ಲ ಕೇಳುವಂತೆ ಕಿರುಗುಟ್ಟಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ತಂತಿಯ ಮೇಲೆ ಲುಂಗಿ ಒಣಗಿತ್ತು.

ಅವನು ಪೆಟ್ಟಿಗೆಯ ತಲೆಯ ಹತ್ತಿರ ಬಂದು ಬಗ್ಗಿದ. ಕಟ್ಟಳೆ ಬಂದಾಗಿನಿಂದ ದಾರಿಯಲ್ಲಿ ಯಾರೂ ಮುರಿಯದಿದ್ದ ಮೌನವನ್ನು ಸಂಘದ ಕೊನೆಯ ಅಧ್ಯಕ್ಷನೇ ಮುರಿದ.

"ಬಂದ್ಯಾ ಚೌರಿ," ಎಂದ.

ಮನೆಗೆ ಬಂದವರು ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಆಮೇಲೆ ಷಡಕ್ಷರಪ್ಪ ಅವನ ತೋಳು ಮುಟ್ಟಿದ. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಎಲ್ಲೋ ಒಂದು ಆಸೆ ಇನ್ನಾಸಪ್ಪನಿಗೆ ಇದ್ದಿರಬೇಕು. ಮತ್ತೆ ಹೆಗಲಿಗೇರಿಸಿದಾಗ ಪೆಟ್ಟಿಗೆ ಮೊದಲಿನಷ್ಟೇ ಭಾರವಾಗಿತ್ತು. ಅವನು ಗೇಟು ಮುಚ್ಚದೆ, ಸಿಮೆಟ್ರಿಯ ಕಡೆ ಹೆಜ್ಜೆ ಹಾಕಿದ.