ಗಿಡದ ಹಿಂದಿನ ಗಂಟು

ಸೌಂಡ್ ಹಾಕಲೇ ಆಪರೇಟರ್, ಎಂದು ಹಿಂದಿನ ಸಾಲಿನಲ್ಲಿ ಯಾವನೋ ಒದರಿದ, ನಾಲ್ಕು ಜನ ಸೀಟಿ ಹೊಡೆದರು, ಸೌಂಡು ಇದ್ದೇ ಇದೆ, ನೀರಿನ ಸಪ್ಪಳ ಕೇಳುತ್ತಿಲ್ಲವೇ ಇವರಿಗೆ, ಮಾತಷ್ಟೇ ಇಲ್ಲ — ಅರ್ಧ ತಾಸಾಯಿತು, ಪರದೆಯ ಮೇಲೆ ಒಬ್ಬನೇ ಗಂಡಸು, ಒಂದು ಮುರುಕು ದೋಣಿ, ಸುತ್ತ ಸಮುದ್ರ, ಇದೆಂಥ ಸಿನೆಮಾವೋ ಶಿವನೇ ಎಂದುಕೊಂಡರೂ ಭಾಗೀರಥಿಗೆ ಕಣ್ಣು ಕೀಳಲಾಗಲಿಲ್ಲ, ಬೈಲಹೊಂಗಲಕ್ಕೆ ಸಂತೆಗೆ ಬಂದವರು ಬಿಸಿಲು ತಾಳದೆ ಟಾಕೀಸು ಹೊಕ್ಕಿದ್ದು, ಹೊಕ್ಕಿದ್ದೇ ತಪ್ಪಾಯಿತೇನೋ, ಪಕ್ಕದಲ್ಲಿ ಗಂಡ ನಿಜಗುಣಪ್ಪ ಮಿಸುಕದೆ ಕೂತಿದ್ದಾನೆ, ಹಾಡಿಲ್ಲದ ಸಿನೆಮಾ ಎಂದರೆ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುವ ಮನುಷ್ಯ, ಇವತ್ತು ಬಾಯಲ್ಲಿಯ ಎಲೆ ಅಡಿಕೆ ಜಗಿಯುವುದನ್ನೂ ಮರೆತಿದ್ದಾನೆ, ಯಾಕೆ. ನೀರು ಕಂಡರೆ ಅಂಜಿಕೆ ಇರಬಹುದು ಪಾಪ, ಏಳು ವರ್ಷದ ಹಿಂದೆ ರಾಮದುರ್ಗದ ಕಡೆ ಮಲಪ್ರಭೆ ಉಕ್ಕಿದ ದಿನ ಹೊಳೆದಂಡೆಯ ಪಂಪ್‌ಸೆಟ್ ಎಳೆದು ತರುತ್ತೇವೆಂದು ಹಗ್ಗ ಹಿಡಿದು ಹೋದವರು ಇಬ್ಬರು, ಇವನು ಮತ್ತು ಅವಳ ತಮ್ಮ ಬಾಳು, ಹುಣಸೆಮರಕ್ಕೆ ಹಗ್ಗದಿಂದ ತನ್ನನ್ನು ತಾನೇ ಕಟ್ಟಿಕೊಂಡು ಎರಡು ದಿನ ಅದರ ಮೇಲಿದ್ದು ಬದುಕಿ ಬಂದವನು ಇವನೊಬ್ಬನೇ. ಬಾಳು ಗಿಡಕ್ಕ ಮುಟ್ಟಲೇ ಇಲ್ರಿ ಅತ್ತಿ, ಎಂದಿದ್ದ ಬಂದ ದಿನ — ಅವ್ವ ತಂಗೆವ್ವ ಇಂದಿಗೂ ಕೇಳುತ್ತಾಳೆ, ನನ ಮಗಾ ಕಡೀಕ ಏನರೆ ಅಂದನೇನೋ ಯಪ್ಪಾ, ಇವನದು ಅದೇ ಉತ್ತರ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ, ಸಾಲಿಯ ಮಗ್ಗಿ ಒಪ್ಪಿಸಿದ ಹಾಗೆ.

ಪರದೆಯ ಗಂಡಸು ಈಗ ಬಿರುಗಾಳಿಗೆ ಹೆದರಿ ದೋಣಿಯ ಕಂಬಕ್ಕೆ ತನ್ನನ್ನೇ ಕಟ್ಟಿಕೊಳ್ಳುತ್ತಿದ್ದಾನೆ, ಬೆರಳು ಮರಗಟ್ಟಿವೆ, ಹಗ್ಗ ಜಾರುತ್ತದೆ, ಮತ್ತೆ ಹಿಡಿಯುತ್ತಾನೆ, ಹಲ್ಲಿನಿಂದ ಎಳೆಯುತ್ತಾನೆ, ಐದು ನಿಮಿಷ ಬರೀ ಅದೇ, ಟಾಕೀಸಿನಲ್ಲಿ ಸೀಟಿ ನಿಂತಿದೆ, ಚುರುಮುರಿ ತಿನ್ನುವವರೂ ಕೈ ತಡೆದಿದ್ದಾರೆ, ಕಡೆಗೆ ಹೊಟ್ಟೆಯ ಮೇಲೆ ಗಂಟು ಬಿತ್ತು, ಹೌದಲ್ಲ, ತನ್ನನ್ನು ತಾನು ಕಟ್ಟಿಕೊಂಡವನ ಗಂಟು ಮುಂದೆ ತಾನೇ ಬೀಳಬೇಕು — ಮತ್ತೆ ಇವನದು? ಇವನನ್ನು ಮರದಿಂದ ಬಿಡಿಸುವಾಗ ಯಾರೋ ತೆಗೆದ ವಿಡಿಯೋ ಮೊಬೈಲಿನಲ್ಲಿ ನೂರು ಸಲ ನೋಡಿದ್ದಾಳೆ, ನೂರು ಸಲವೂ ಗಂಡನ ಮುಖವನ್ನೇ ನೋಡಿ ಅತ್ತಿದ್ದಾಳೆ, ರಬ್ಬರ್ ಬೋಟಿನವನು ಮರ ಹತ್ತಿ ಇವನ ಹೊಟ್ಟೆಯ ಹತ್ತಿರ ತಡಕುತ್ತಾನೆ, ಗಂಟು ಸಿಗುವುದಿಲ್ಲ, ಸುತ್ತಿಕೊಂಡು ಹಿಂದಕ್ಕೆ ಹೋಗಿ ಹಗ್ಗ ಕೊಯ್ಯುತ್ತಾನೆ, ಅಯ್ಯೋ ನನ್ನ ಕಣ್ಣಿಗೇನು ಬಡಿದಿತ್ತು, ತೆಕ್ಕೆಗೆ ಬಾರದ ಹುಣಸೆ ಅದು, ಅದರ ಹಿಂದಕ್ಕೆ ಇವನ ಕೈ ಹೇಗೆ ಮುಟ್ಟೀತು, ಬೇರೆ ಯಾರಾದರೂ ಕಟ್ಟಿದ್ದರೆ ಊರ ತುಂಬ ಹೇಳಿಕೊಂಡು ಕೈ ಮುಗಿಯುತ್ತಿದ್ದ, ಮುಚ್ಚಿಡಬೇಕಾದ ಹೆಸರು ಒಂದೇ.

ರೀ, ಎಂದಳು, ಗಂಟ ಗಿಡದ ಹಿಂದ ಇತ್ತಲ್ರೀ. ಹುಚ್ಚೀ, ಸುಮ್ಮ ಕುಂದರ ಎಂದು ಸಿಡುಕಿದ್ದರೆ ಸಾಕಿತ್ತು, ನಂಬಿಬಿಡುತ್ತಿದ್ದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ತಗ್ಗಿದ ದನಿಯಲ್ಲಿ, ಕಟ್ಟಿದಾಂವ ಬಾಳು, ಎಂದ, ಮೊದಲ ನನ್ನ ಕಟ್ಟಿದಾ, ಆಮ್ಯಾಲ ಹಿಂದ ನಿಂತು ಕೂಗಿದಾ, ಮಾಮಾ, ಒಂದೀಟ ಗಿಡಕ್ಕ ಒತ್ತಿ ನಿಂದರ್ರಿ, ಹಗ್ಗ ಸಡ್ಲಾದ್ರ ನಾನೂ ಒಳಗ ಬರತೇನಿ ಅಂದಾ. ಆ ಹೊತ್ತಿನಲ್ಲೂ ರೀ ಎಂದಿದ್ದಾನೆ ನನ್ನ ತಮ್ಮ. ಒತ್ತಿ ನಿಂತ್ರ್ಯಾ? ನಿಂತ್ರ್ಯಾ ಹೇಳ್ರಿ — ಅವನು ಎದೆ ಉಬ್ಬಿಸಿ ಉಸಿರು ಬಿಗಿಹಿಡಿದು ಕುರ್ಚಿಯಿಂದ ಮುಂದಕ್ಕೆ ಜಗ್ಗಿ ಕೂತಿದ್ದಾನೆ, ಈಗಲೂ, ಇಲ್ಲಿಯೂ, ಅಂದರೆ ಅವತ್ತು ಹೀಗೇ, ಹಗ್ಗವನ್ನು ಇಷ್ಟೂ ಸಡಿಲ ಬಿಡದೆ, ಅವ್ವ ಕೇಳಿದ್ದಕ್ಕೆ ಉತ್ತರ ಸಿಕ್ಕಿತು, ಯಾವ ಬಾಯಲ್ಲಿ ಹೇಳಲಿ ಅವ್ವಗೆ, ಎಷ್ಟು ಹೊತ್ತು ಕೂಗಿದನೋ, ಎಷ್ಟು ಸಲ ಮಾಮಾ ಎಂದನೋ, ಮರದ ಹಿಂದೆ ಬಿಗಿದ ಹಗ್ಗ, ಗಂಟು, ಅದರ ಸಂದಿಗೆ ಬಾಳು ಬೆರಳು ತೂರಿಸುತ್ತಾನೆ, ತೂರುವುದಿಲ್ಲ, ಮತ್ತೆ ತೂರಿಸುತ್ತಾನೆ, ಗಂಟು, ಬೆರಳು, ತೂರುವುದಿಲ್ಲ.