ತುಗಿಮಾನನ ನಾಲ್ಕು ಬೆರಳು

ತುಗಿಮಾನ್ ಮೋಟರ್‌ಬೈಕಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ, ಇಂಡೊನೇಷ್ಯಾದ ಯೋಗ್ಯಕರ್ತ ಊರಿನ ಹಳೇ ಸಾಮಾನಿನ ಸಂತೆಯಲ್ಲಿದ್ದ ಅವನ ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಹೆಂಡತಿ ವಾರ್ಸಿತಿ ಕೂತಳು. ಇಪ್ಪತ್ತೆರಡು ವರ್ಷ ಮನೆಯಲ್ಲಿ ಸೋಯಾಕಾಳಿನ ಟೆಂಪೆ ಬಿಲ್ಲೆ ಕರಿದವಳಿಗೆ ಅಲ್ಲಿನ ಸ್ಟೂಲು ಮೂರೇ ದಿನದಲ್ಲಿ ಎಷ್ಟು ಹಿಡಿಸಿತೆಂದರೆ, ಗಂಡನ ಮೂಳೆ ನಿಧಾನವಾಗಿ ಕೂಡಲಿ ಎಂದು ಪ್ರಾರ್ಥಿಸಿ, ಆಮೇಲೆ ಅದಕ್ಕೆ ಕ್ಷಮೆಯನ್ನೂ ಕೇಳಿದ್ದಳು.

"ಒಂದು ದೂರು ಬಂತೋ, ಬಾಗಿಲು ಹಾಕ್ಕೊಂಡು ಮನೇಲಿ ಕೂತ್ಕೋ" ಎಂದು ಅವನು ಮೊದಲೇ ಹೇಳಿದ್ದ.

ವಿದ್ಯೆ ಹೇಳಿಕೊಟ್ಟವನೂ ಅವನೇ. ಹಿಂದಿನ ಗೇರು ಬದಲಿಸುವ ಡಿರೈಲರ್‌ಗೆ ಎರಡು ಪುಟ್ಟ ಗಾಲಿಗಳ ಒಂದು ತೋಳಿರುತ್ತದೆ; ಅದು ಉದ್ದವಾದಷ್ಟೂ ಸಡಿಲ ಚೈನನ್ನು ಹೆಚ್ಚು ಎಳೆದು ಹಿಡಿಯುತ್ತದೆ. ಮೇಲಿನ ಗಾಲಿಯ ಬೋಲ್ಟಿನಿಂದ ಕೆಳಗಿನದರ ಬೋಲ್ಟಿಗೆ ಮೂರು ಬೆರಳಿನ ಅಗಲವಾದರೆ ಗಿಡ್ಡ, ನಾಲ್ಕಾದರೆ ಮಧ್ಯಮ, ಹೆಬ್ಬೆರಳೂ ಸೇರಿದರೆ ಉದ್ದ. ಆ ಸಂತೆಯಲ್ಲಿ ಸ್ಕೇಲು ಹೊರತೆಗೆದವನಿಗೆ ಕಸುಬು ಬರುವುದಿಲ್ಲ ಎಂದೇ ಅರ್ಥ.

ಶುಕ್ರವಾರ ನಮಾಜು ಮುಗಿಸಿ ಪ್ರಸೋಜೊ ಮೇಷ್ಟ್ರು ಬಂದು, ಸೋಮವಾರ ಕೊಂಡಿದ್ದ ಡಿರೈಲರನ್ನು ಮುಂದಿಟ್ಟರು.

"ಬು" ಎಂದು ಅಮ್ಮಾ ಎನ್ನುವ ಹಾಗೆ ಕರೆದು ಕೇಳಿದರು, "ಇದು ಉದ್ದ ಅಂದ್ರಲ್ಲ?"

"ಐದು ಬೆರಳು, ಮೇಷ್ಟ್ರೇ. ನಿಮ್ಮೆದುರಿಗೇ ಅಳೆದೆ."

"ಅಳೆದ್ರಿ. ನಂದು ಮುಂದೆ ಮೂರು ಹಲ್ಲುಚಕ್ರ, ಹಿಂದೆ ಊಟದ ತಟ್ಟೆಯಷ್ಟು ದೊಡ್ಡದು. ಎರಡೂ ಕಡೆ ಚಿಕ್ಕದಕ್ಕೆ ಹಾಕಿದ್ರೆ ಚೈನು ಜೋಕಾಲಿ ಆಡುತ್ತೆ. ಭಾನುವಾರ ಸೈಕಲ್ ಕ್ಲಬ್ಬಿನವರು ಮೂವತ್ತು ಜನ ಬೆಟ್ಟ ಹತ್ತೋರು. ನೀನ್ಯಾಕೆ ಬರ್ಲಿಲ್ಲ ಅಂದ್ರೆ ಈ ಅಂಗಡಿ ಹೆಸರು ಹೇಳ್ಲಾ?"

"ನಾಳೆ ಬನ್ನಿ" ಎಂದಳು ವಾರ್ಸಿತಿ.

ಸಂಜೆ ಡಿರೈಲರನ್ನು ಮನೆಗೆ ಒಯ್ದು, ಅಳೆಯುವ ಅಭ್ಯಾಸಕ್ಕೆ ತಂದಿದ್ದೇನೆ ಎಂದು ಸುಳ್ಳು ಹೇಳಿ ಗಂಡನ ಮುಂದಿಟ್ಟಳು. ಅವನು ಎಡಗೈ ಇಟ್ಟ.

"ನಾಲ್ಕು. ಮಧ್ಯಮ. ಕುರುಡನೂ ಹೇಳ್ತಾನೆ."

"ನನ್ನ ಕೈಗೆ ಐದು ಬರುತ್ತಲ್ಲ, ಪಾಕ್" ಎಂದಳು, ಯಜಮಾನರೇ ಎನ್ನುವ ಹಾಗೆ.

"ಬೆರಳು ಅಂದ್ರೆ ಬೆರಳು. ಅದ್ರಲ್ಲಿ ನಿಂದು ನಂದು ಅಂತ ಇದ್ಯಾ?"

ಅವಳು ತನ್ನ ಕೈಯನ್ನು ಅವನ ಕೈ ಪಕ್ಕ ಇಟ್ಟು ನೋಡಿದಳು. ಒಂದು ಬೆಂಡೆಕಾಯಿ, ಒಂದು ಬಾಳೆಗೊನೆ. ಬಿಸ್ಕತ್ತಿನ ಡಬ್ಬದ ರಟ್ಟು ತಂದು, "ನಿಮ್ಮ ಕೈ ಕಣ್ಮುಂದೆ ಇರ್ಲಿ ಅಂತ" ಎಂದು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದಳು. ತುಗಿಮಾನ್ ಬೆರಳುಗಳನ್ನು ಜೋಡಿಸಿ, ಫೋಟೋಕ್ಕೆ ಕೂತವನ ಹಾಗೆ ಗಂಭೀರವಾಗಿ ಕೂತ.

ಶನಿವಾರ ರಟ್ಟಿನ ಕೈ ಹಿಡಿದು ಬುಟ್ಟಿಗಳನ್ನೆಲ್ಲ ಜಾಲಾಡಿದಾಗ ನಿಜವಾದ ಉದ್ದದ್ದು ಒಂದೇ ಸಿಕ್ಕಿತು. ಮೇಷ್ಟ್ರಿಗೆ ಅದನ್ನೇ ಅಳೆದು ತೋರಿಸಿದಳು.

"ಇದ್ಯಾರ ಕೈ?"

"ಪಾಕ್ ತುಗಿಮಾನರದ್ದು."

"ಹಾಗನ್ನಿ ಮತ್ತೆ!" ಮೇಷ್ಟ್ರು ರಟ್ಟಿಗೆ ತಲೆಬಾಗಿಸಿಯೇ ಹೋದರು. ಮುಂದಿನ ವಾರ ಕ್ಲಬ್ಬಿನ ಏಳು ಜನ ಬಂದು, ರಟ್ಟಿನಲ್ಲೇ ಅಳೆಯಬೇಕೆಂದು ಹಟ ಹಿಡಿದರು.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ತುಗಿಮಾನ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ, ವಾರ್ಸಿತಿ ನಿಂತಳು. ಮೊದಲ ಗಿರಾಕಿ ಮಧ್ಯಮದ್ದು ಕೇಳಿದ. ತುಗಿಮಾನ್ ಒಂದನ್ನೆತ್ತಿ ಬಲಗೈ ಇಟ್ಟ. ಬೆರಳುಗಳು ಸೆಟೆದು ಒಂದಕ್ಕೊಂದು ತಾಗುತ್ತಿರಲಿಲ್ಲ.

"ಮೂರು. ಇದು ಗಿಡ್ಡ" ಎಂದು ಬದಿಗೆಸೆದ.

ವಾರ್ಸಿತಿ ಅದನ್ನೆತ್ತಿ ರಟ್ಟಿನ ಮೇಲಿಟ್ಟಳು. ಸರಿಯಾಗಿ ನಾಲ್ಕು. ಗಿರಾಕಿ ರಟ್ಟನ್ನೂ ನೋಡಿದ, ಕೈಯನ್ನೂ ನೋಡಿದ, ಹಣ ವಾರ್ಸಿತಿಗೆ ಕೊಟ್ಟ.

"ಯಾವನ ಕೈಯೇ ಅದು?" ಎಂದ ತುಗಿಮಾನ್.

"ನಿಮ್ದೇ."

ಅವನು ರಟ್ಟನ್ನು ತಿರುಗಿಸಿ ಹಿಂದೆ ಮುಂದೆ ನೋಡಿದ. ತಪ್ಪು ಹುಡುಕಲು ಹೋಗಿ ಮೆಚ್ಚಿಕೊಂಡವನಂತೆ, "ಹಾಗಿದ್ರೆ ಅದೇ ಸರಿ" ಎಂದು ಎದ್ದು ಚಹಾ ತರಲು ಹೋದ.

ಅವನು ಬರುವಷ್ಟರಲ್ಲಿ ವಾರ್ಸಿತಿ ಸ್ಟೂಲಿನ ಮೇಲೆ ಕೂತಿದ್ದಳು.