ಮೂಗಿನ ಮೇಸ್ತ್ರಿ

“ಇದು ಹಾಲಿನ ಪಾತ್ರೆಯೋ ಕಾಡಿಗೆ ಡಬ್ಬಿಯೋ, ನೀವೇ ಹೇಳಿ,” ಎನ್ನುತ್ತ ಅತ್ತೆ ಪಾತ್ರೆಯನ್ನು ಬೋರಲು ಹಿಡಿದರು.

ತಳ ಪೂರ್ತಿ ಮಸಿ. ಮೇಸ್ತ್ರಿ ಅದರ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. ಒಣ ಮಸಿ, ಮೆತ್ತಗೆ ಬೆರಳಿಗೆ ಹತ್ತಿಕೊಂಡಿತು. ಒಲೆಯ ಎಡಗಡೆಯ ಬರ್ನರನ್ನು ಹೊತ್ತಿಸಿದ. ನೀಲಿಯಾಗಿ, ಗಿಡ್ಡಗೆ, ಅಲುಗದೆ ಉರಿಯಬೇಕಾದ ಜ್ವಾಲೆ ಹಳದಿಯಾಗಿ ನೀಳವಾಗಿ ಎದ್ದು ಓಲಾಡಿತು. ನಾಬ್ ತಿರುಗಿಸಿ ಉರಿ ಸಣ್ಣಗೆ ಮಾಡಿದಾಗ ಒಳಗೆಲ್ಲೋ ‘ಟಪ್’ ಎಂದಿತು.

“ಅದೇ! ಆ ಸದ್ದೇ!” ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. “ದಿನಾ ಎದೆ ಬಾಯಿಗೆ ಬರತ್ತೆ ನನಗೆ.”

“ಗಾಳಿ ಸಾಲ್ತಿಲ್ಲಮ್ಮ ಇದಕ್ಕೆ. ಗ್ಯಾಸು ಬರ್ನರಿಗೆ ಹೋಗೋ ದಾರೀಲೇ ಗಾಳಿ ಜೊತೆ ಬೆರೀಬೇಕು. ಆ ದಾರಿ ಕಟ್ಟಿಕೊಂಡ್ರೆ ಹೀಗೇ. ಹಳದಿ ಉರಿ, ಮಸಿ, ಸದ್ದು. ಎಷ್ಟು ದಿನ ಸುಮ್ನೆ ಬಿದ್ದಿತ್ತು ಒಲೆ?”

“ಎರಡು ವರ್ಷ. ನನ್ನ ಮನೆ ಅಟ್ಟದ ಮೇಲಿತ್ತು. ತಮ್ಮನ ಮನೆಗೆ ಬರುವಾಗ ಹೊತ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಒಂದು ಕರೆಂಟ್ ಒಲೆ. ಅದರ ಮೇಲೆ ಅಪ್ಪ ಮಗಳು ಅದೇನೋ ಬೇಯಿಸ್ಕೊಂಡು ತಿಂತಿದ್ರು. ಊಟ ಅಲ್ಲ ಅದು, ಶಿಕ್ಷೆ.”

ಮೇಸ್ತ್ರಿ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದ. ಆಮೇಲೆ ಕಿಟಕಿ ತೆರೆದ. ಮೂರನೆಯ ಮಹಡಿಯ ಸಣ್ಣ ಅಡುಗೆಮನೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಕಿಟಕಿಯ ಆಚೆ ಇನ್ನೊಂದು ಕಟ್ಟಡದ ಗೋಡೆ.

“ಏಜೆನ್ಸಿಗೆ ಫೋನ್ ಮಾಡಿದ್ರೆ ‘ಮೂಗಿನ ಮೇಸ್ತ್ರೀನ ಕಳಿಸ್ತೀವಿ’ ಅಂದ್ರು,” ಎಂದರು ಅತ್ತೆ. “ನಾನು ಇಷ್ಟುದ್ದ ಮೂಗಿರೋರು ಯಾರೋ ಬರ್ತಾರೆ ಅಂದ್ಕೊಂಡಿದ್ದೆ. ನಿಮ್ಮದು ನೋಡಿದ್ರೆ ನನ್ನದಕ್ಕಿಂತ ಮೊಂಡು.”

“ಹಳೇ ಹೆಸರಮ್ಮ ಅದು. ಬಿಡಿ,” ಎಂದು ಅವನು ಚೀಲದಿಂದ ಸೋಪು ನೀರಿನ ಬಾಟಲಿ, ಒಂದು ಸಣ್ಣ ಕುಂಚ ಹೊರತೆಗೆದಿಟ್ಟ.

ಒಂದು ಕಾಲದಲ್ಲಿ ಆ ಬಾಟಲಿ ಅವನ ಚೀಲದಲ್ಲಿ ಇರುತ್ತಿರಲಿಲ್ಲ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ಕಾಯುವುದು ಕೆಲಸ ಕಲಿಯುವವರಿಗೆ ಎನ್ನುತ್ತಿದ್ದ. ಪೈಪಿನ ಉದ್ದಕ್ಕೂ ಮೂಗು ಹಿಡಿದು ಬಗ್ಗಿ ಹೋದರೆ ಸೋರುವ ಜಾಗಕ್ಕೇ ಹೋಗಿ ನಿಲ್ಲುತ್ತಿದ್ದ. ಏಜೆನ್ಸಿಯವರು ಹೆಮ್ಮೆಯಿಂದ ಇಟ್ಟ ಹೆಸರು ಅದು. ಈಗ ಪ್ರತಿ ಜೋಡಣೆಗೂ ಎರಡೆರಡು ಸಲ ನೊರೆ ಹಚ್ಚುತ್ತಾನೆ, ಜೊತೆಯ ಕೆಲಸಗಾರರು ಆಡಿಕೊಳ್ಳುತ್ತಾರೆ. ಮೂಗನ್ನು ಅವನು ನಂಬುವುದು ಬಿಟ್ಟಿದ್ದಾನೆ. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಎಲ್ಲೆಂದರಲ್ಲಿ ಅದಕ್ಕೆ ಗ್ಯಾಸಿನ ವಾಸನೆ ಬರುತ್ತದೆ. ಬಂದಾಗಲೆಲ್ಲ ಎಡಭುಜದ ಹಿಂದೆ ಒಬ್ಬ ಹೆಂಗಸು ಕೈಯಲ್ಲಿ ಮಸಿಬಟ್ಟೆ ಹಿಡಿದು ನಿಂತ ಹಾಗಿರುತ್ತದೆ. ಅವಳು ಹೇಳುವುದು ಒಂದೇ ಮಾತು. ನನಗೆ ಬರ್ತಿದೆಯಲ್ಲ ವಾಸನೆ, ನಿಮಗೆ ಬರ್ತಿಲ್ವಾ?

ಅವನು ಎಡಗಡೆಯ ಬರ್ನರ್ ಕಳಚಿ ಅದರ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆ ಹತ್ತಿಯ ಹಾಗೆ ಬಿಳಿಯ ಒಂದು ಗೂಡು. ತಂತಿಯಿಂದ ಮೆಲ್ಲನೆ ಎಳೆದ. ಜೇಡರ ಬಲೆ, ಅದರೊಳಗೆ ಒಣಗಿದ ಜೇಡ.

“ಇವನೇ ನೋಡಿ.”

“ಅಯ್ಯೋ ಇವನ! ಹೇಳದೆ ಕೇಳದೆ ಸಂಸಾರ ಹೂಡಿದ್ದಾನಲ್ಲ!” ಅತ್ತೆ ಹಿಂದಕ್ಕೆ ತಿರುಗಿ ಕೂಗಿದರು. “ಪುಟ್ಟೀ, ಬಾರೇ ಇಲ್ಲಿ, ಒಲೇಲಿ ಏನಿತ್ತು ನೋಡು!”

ನಡುಮನೆಯ ಆ ತುದಿಯಲ್ಲಿ, ಹೊರಬಾಗಿಲ ಪಕ್ಕದ ಕುರ್ಚಿಯಲ್ಲಿ ಒಂದು ಹುಡುಗಿ ಕುಳಿತಿದ್ದಳು. ಇಪ್ಪತ್ತರ ಆಸುಪಾಸು. ಎದೆಯ ಮೇಲೆ ಕನ್ನಡಕದ ಅಂಗಡಿಯ ಬಿಲ್ಲೆ ಇನ್ನೂ ಇತ್ತು. ಅವಳು ಏಳಲಿಲ್ಲ.

“ಸಿಲಿಂಡರ್ ವಾಪಸ್ ಕೊಟ್ಟುಬಿಡೋಣ ಅಂದೆನಲ್ಲ ಅತ್ತೆ,” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತುಂಬ ಸಲ ಹೇಳಿ ಸವೆದ ಮಾತಿನ ಹಾಗಿತ್ತು.

ಅತ್ತೆ ಮೇಸ್ತ್ರಿಯ ಕಡೆ ಬಾಗಿ ದನಿ ತಗ್ಗಿಸಿದರು. ತಗ್ಗಿಸಿದರೂ ಅದು ಹೊರಬಾಗಿಲವರೆಗೆ ಕೇಳಿಸುವ ದನಿಯೇ. “ಒಲೆ ಹತ್ರ ಬರಲ್ಲ ಅವಳು. ಬಂದ್ರೆ ನಾಬ್ ಮುಟ್ಟಿ ನೋಡಕ್ಕೆ ಮಾತ್ರ. ಕೆಲಸಕ್ಕೆ ಹೊರಟೋಳು ಕೆಳಗಿನ ತನಕ ಇಳಿದು ಮತ್ತೆ ಹತ್ತಿ ಬರ್ತಾಳೆ, ಮುಚ್ಚಿದೆಯಾ ಅಂತ ನೋಡಕ್ಕೆ. ನಿನ್ನೆ ನಾಲ್ಕು ಸಲ. ಅಂಗಡಿಯವರು ಇವತ್ತು ಮಧ್ಯಾಹ್ನವೇ ಮನೆಗೆ ಕಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಬರಕ್ಕಾದ್ರೆ ಬಾ, ಇಲ್ಲಾಂದ್ರೆ ಬರಲೇಬೇಡ ಅಂತ.”

“ಯಾಕೆ ಹಾಗೆ?” ಮೇಸ್ತ್ರಿ ಗ್ಯಾಸು ಚಿಮ್ಮುವ ಜೆಟ್ಟಿನ ತೂತಿಗೆ ಸೂಜಿ ಹಾಕಿ ತಿರುಗಿಸುತ್ತ ಕೇಳಿದ. ಮಾತಿಗೆ ಮಾತು ಅಷ್ಟೆ.

“ಅವಳಮ್ಮ ಹೋದದ್ದು ಹಾಗೆ. ಒಂಬತ್ತು ವರ್ಷ ಆಯ್ತು. ಆಗ ಹಿಟ್ಟಿನ ಗಿರಣಿ ಹಿಂದೆ ಇದ್ರು, ನೀಲಿ ಬಾಗಿಲ ಮನೆ. ಇವಳಿಗೆ ಹನ್ನೊಂದು. ಸಂಜೆ ಹಾಲು ಕಾಯಿಸೋದು ಇವಳ ಕೆಲಸ. ಹಾಲು ಉಕ್ಕಿ ಉರಿ ಆರಿತ್ತಂತೆ, ಇವಳು ನಾಬ್ ಮುಚ್ಚೋದು ಮರೆತಳಂತೆ. ಬೆಳಗಾಗೆದ್ದು ಅವಳಮ್ಮ ಅಡುಗೆಮನೆ ದೀಪದ ಸ್ವಿಚ್ ಹಾಕಿದ್ದೇ ಹಾಕಿದ್ದು...”

ಸೂಜಿ ಜೆಟ್ಟಿನೊಳಗೇ ನಿಂತಿತು.

“ಹಾಲು ಉಕ್ಕಿತ್ತು ಅಂತ ಯಾರು ಹೇಳಿದ್ರು?” ಎಂದು ಅವನು ಕೇಳಿದ.

“ಯಾರೇನು ಹೇಳೋದು. ಹಿಂದಿನ ದಿನ ತಾನೇ ಗ್ಯಾಸಿನವನು ಬಂದು ನೋಡಿ ಹೋಗಿದ್ದನಂತೆ. ಪೈಪೆಲ್ಲ ಸರಿ ಇದೆ, ಹಾಲು ಉಕ್ಕಿ ಉರಿ ಆರಿದಾಗ ಹೀಗೆ ವಾಸನೆ ಬರತ್ತೆ, ನಾಬಿನ ಕಡೆ ಗಮನ ಇರ್ಲಿ ಅಂದಿದ್ದನಂತೆ. ಅಂದಮೇಲೆ ಇನ್ನೇನು?”

ಆ ದಿನ ಬೆಳಗಿನಿಂದ ಮೇಸ್ತ್ರಿ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಪೈಪು ಬದಲಾಯಿಸುತ್ತಿದ್ದ. ನಾಲ್ಕು ತಾಸು ಗ್ಯಾಸಿನ ವಾಸನೆಯಲ್ಲೇ ಇದ್ದು, ಅಲ್ಲಿಂದ ನೇರವಾಗಿ ನೀಲಿ ಬಾಗಿಲ ಮನೆಗೆ ಹೋಗಿದ್ದ. ಒಂದೇ ವಾಸನೆಯಲ್ಲಿ ಹೆಚ್ಚು ಹೊತ್ತು ಇದ್ದರೆ ಮೂಗು ಅದನ್ನು ಹೇಳುವುದು ನಿಲ್ಲಿಸುತ್ತದೆ. ವಾಸನೆ ಹೋಗಿರುವುದಿಲ್ಲ, ಸುದ್ದಿ ಮಾತ್ರ ನಿಂತಿರುತ್ತದೆ. ಇದು ಅವನಿಗೆ ಗೊತ್ತಿರದ ವಿಷಯವಲ್ಲ. ಅದು ಬೇರೆಯವರ ಮೂಗಿನ ವಿಷಯ ಎಂದುಕೊಂಡಿದ್ದ. ರೆಗ್ಯುಲೇಟರಿನಿಂದ ಒಲೆಯವರೆಗೆ ಒಮ್ಮೆ ಮೂಗು ಹಿಡಿದು ನೋಡಿ ಎದ್ದು ನಿಂತಿದ್ದ. ಆ ಮನೆಯಾಕೆ ಮಸಿಬಟ್ಟೆಯನ್ನು ಮಡಿಸುತ್ತ, ನನಗೆ ಬರ್ತಿದೆಯಲ್ಲ, ಎಂದಿದ್ದಳು. ಈ ಮೂಗು ಸುಳ್ಳು ಹೇಳಲ್ಲಮ್ಮ ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು.

ಎರಡು ದಿನದ ಮೇಲೆ ಸುಟ್ಟ ಒಲೆ, ಸಿಲಿಂಡರುಗಳನ್ನು ತರಲು ಏಜೆನ್ಸಿ ಅವನನ್ನೇ ಕಳಿಸಿತು. ಪೈಪಿನ ಮೇಲ್ಭಾಗ ಕರಗಿ ಹೋಗಿತ್ತು. ರೆಗ್ಯುಲೇಟರಿಗೆ ಅಂಟಿಕೊಂಡು ಗೇಣುದ್ದ ಉಳಿದಿತ್ತು. ಬೆರಳಿನಿಂದ ಸವರಿದಾಗ ಕೆಳಬದಿಯಲ್ಲಿ, ಕ್ಲಿಪ್ಪು ಕಚ್ಚಿದ ಜಾಗದಲ್ಲಿ, ಉಗುರಿನಷ್ಟು ಅಗಲದ ಬಿರುಕು ಸಿಕ್ಕಿತು. ಒಳಗಿನ ಅಂಚೂ ಒಣಗಿ ಬೆಳ್ಳಗಾಗಿದ್ದ ಹಳೆಯ ಬಿರುಕು. ಒಲೆಯ ನಾಬುಗಳು ಕರಗಿದ್ದವು. ಆದರೆ ನಾಬಿನ ಕೆಳಗಿನ ಹಿತ್ತಾಳೆಯ ಕಡ್ಡಿಗಳು ಹಾಗೇ ಇದ್ದವು. ಅವನು ಅವನ್ನೂ ನೋಡಿದ. ನೋಡಿ, ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ಕಟ್ಟಿದ. ವರದಿ ಬರೆದವರು ಅವನು ಅವಘಡದ ಹಿಂದಿನ ದಿನ ಬರೆದಿಟ್ಟ ಚೀಟಿಯನ್ನೇ ನೋಡಿ ಬರೆದರು. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅವನು ಒಂಬತ್ತು ವರ್ಷ ತನಗೇ ಹೇಳಿಕೊಂಡಿದ್ದ. ನಾಬ್ ತೆರೆದಿತ್ತು ಎಂಬ ಮಾತು ಹೋಗಿ ಯಾರ ತಲೆಯ ಮೇಲೆ ಕೂತಿದೆ ಎಂದು ಅವನೂ ಕೇಳಲು ಹೋಗಿರಲಿಲ್ಲ.

“ಏನಾಯ್ತು ಮೇಸ್ತ್ರಿ, ಸೂಜಿ ಸಿಕ್ಕಾಕ್ಕೊಳ್ತಾ?”

“ಇಲ್ಲಮ್ಮ.”

ಅವನು ಕೆಲಸ ಮುಂದುವರಿಸಿದ. ಜೆಟ್ಟು ತೊಳೆದ. ಬರ್ನರಿನ ತೂತುಗಳನ್ನು ಒಂದೊಂದಾಗಿ ಬಿಡಿಸಿದ. ಕೊಳವೆ ಒರೆಸಿ ಕೂರಿಸಿದ, ಬರ್ನರಿನ ಟೋಪಿ ಓರೆಯಾಗದಂತೆ ತಿರುಗಿಸಿ ಒತ್ತಿದ. ಪೈಪನ್ನು ಬಗ್ಗಿಸಿ ಬಿರುಕು ನೋಡಿ, ಅದನ್ನು ತೆಗೆದು ಹೊಸದನ್ನೇ ಹಾಕಿದ. ರೆಗ್ಯುಲೇಟರ್ ತೆರೆದು ಎರಡು ತುದಿಗೂ ನೊರೆ ಹಚ್ಚಿ ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಒಲೆ ಹೊತ್ತಿಸಿದ. ಎರಡು ಬರ್ನರುಗಳಲ್ಲೂ ನೀಲಿ ಜ್ವಾಲೆ ಗಿಡ್ಡಗೆ, ಸುತ್ತಲೂ ಒಂದೇ ಎತ್ತರದಲ್ಲಿ ಕೂತಿತು. ಚೀಲ ಎತ್ತಿಕೊಂಡು ಹೊರಟುಬಿಡಬಹುದಿತ್ತು.

“ಆಹಾ! ಪುಟ್ಟೀ, ನೀಲಿ ಕಣೇ, ಬಂದು ನೋಡು!”

ಹುಡುಗಿ ಅಲ್ಲಿಂದಲೇ ಕೇಳಿದಳು. “ನಾಬ್ ಮುಚ್ಚಿದ್ರಾ?”

ಮೇಸ್ತ್ರಿ ಎರಡನ್ನೂ ಮುಚ್ಚಿದ. “ಮುಚ್ಚಿದೀನಿ ತಾಯಿ.”

“ಇನ್ನೊಂದ್ಸಲ ನೋಡ್ತೀರಾ?”

ಅವನು ನೋಡಿದ. ಎಡಭುಜದ ಹಿಂದೆ ಯಾರೋ ಮಸಿಬಟ್ಟೆ ಮಡಿಸುವುದನ್ನು ನಿಲ್ಲಿಸಿದಂತಾಯಿತು.

“ಮುಚ್ಚಿದೆ,” ಎಂದ. ಆಮೇಲೆ, ಒಲೆಯ ಕಡೆಗೇ ಮುಖ ಮಾಡಿಕೊಂಡು, “ಅವತ್ತೂ ಮುಚ್ಚಿತ್ತು,” ಎಂದ.

“ಏನಂದ್ರಿ?” ಎಂದರು ಅತ್ತೆ.

“ಆ ಗ್ಯಾಸಿನವನು ನಾನೇ ಅಮ್ಮ.”

ಅವನು ಹೇಳಿದ. ಹೋಟೆಲು, ಮೂಗು, ಬಿರುಕು, ಕರಗಿದ ನಾಬು, ಗೋಣಿಚೀಲ. ಯಾವುದನ್ನೂ ಹಿಂದು ಮುಂದು ಮಾಡಲಿಲ್ಲ. ಅತ್ತೆಯ ಕೈಯಲ್ಲಿದ್ದ ಮಸಿ ಪಾತ್ರೆ ಅಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಯಾವಾಗ ಎದ್ದು ಬಂದಳೋ, ಹುಡುಗಿ ಅಡುಗೆಮನೆಯ ಹೊಸ್ತಿಲ ಮೇಲಿದ್ದಳು. “ನಾಬ್ ಕರಗಿ ಹೋಗಿತ್ತು ಅಂದ್ರಲ್ಲ. ಮತ್ತೆ ಹೇಗೆ ಗೊತ್ತಾಯ್ತು?”

ಮೇಸ್ತ್ರಿ ಒಲೆಯ ನಾಬನ್ನು ಎಳೆದು ತೆಗೆದ. ಒಳಗಿನಿಂದ ಹಿತ್ತಾಳೆಯ ಗಿಡ್ಡ ಕಡ್ಡಿಯೊಂದು ಹೊರಗೆ ಚಾಚಿತ್ತು. ದುಂಡು ಕಡ್ಡಿ, ಒಂದು ಬದಿ ಮಾತ್ರ ಚಪ್ಪಟೆ.

“ಇದು ಕರಗಲ್ಲ. ಚಪ್ಪಟೆ ಬದಿ ಮೇಲಿದ್ರೆ ಮುಚ್ಚಿದೆ ಅಂತ. ತೆರೆದಿದ್ರೆ ಪಕ್ಕಕ್ಕೆ ತಿರುಗಿರತ್ತೆ. ನಿಮ್ಮ ಒಲೇನೂ ಇಂಥದ್ದೇ.”

ಅವಳು ಹೊಸ್ತಿಲು ದಾಟಿ ಆ ಇಕ್ಕಟ್ಟಿನಲ್ಲೇ ಒಳಗೆ ಬಂದಳು. ಮಸೂರದಲ್ಲಿ ಗೀರು ಹುಡುಕುವವರ ಹಾಗೆ ಮುಖ ಓರೆ ಮಾಡಿ ಆ ಕಡ್ಡಿಯನ್ನು ನೋಡಿದಳು.

“ಮೇಲಿತ್ತಾ?”

“ಮೇಲಿತ್ತು.”

“ಎರಡೂ?”

“ಎರಡೂ ತಾಯಿ.”

“ಒಂಬತ್ತು ವರ್ಷ!” ಅತ್ತೆಯ ದನಿ ಒಡೆಯಿತು. “ಒಂಬತ್ತು ವರ್ಷದಿಂದ ಎಲ್ಲಿದ್ರಿ ನೀವು? ಬಾಯಿಗೇನಾಗಿತ್ತು?”

“ಇದೇ ಊರಲ್ಲೇ ಇದ್ದೆ,” ಎಂದ ಮೇಸ್ತ್ರಿ.

“ಮಕ್ಕಳಿಲ್ವಾ ನಿಮಗೆ? ಒಂದು ಮಾತು...”

“ಅತ್ತೆ, ತಡೀರಿ,” ಎಂದಳು ಹುಡುಗಿ. ಅವಳು ಮೇಸ್ತ್ರಿಯನ್ನೂ ನೋಡುತ್ತಿರಲಿಲ್ಲ, ಅತ್ತೆಯನ್ನೂ ನೋಡುತ್ತಿರಲಿಲ್ಲ. “ಮೊದಮೊದಲು ನಾನು ಮುಚ್ಚಿದ್ದೆ ಅಂತಾನೇ ಹೇಳ್ತಿದ್ದೆ. ಅಪ್ಪ ಒಂದು ದಿನಾನೂ ಬೈಲಿಲ್ಲ. ‘ಹೋಗ್ಲಿ ಬಿಡು ಮಗಳೇ, ನೀನು ಚಿಕ್ಕೋಳಿದ್ದೆ’ ಅಂತಿದ್ರು. ಪ್ರತಿ ಸಲಾನೂ ಅದೇ. ಆಮೇಲಾಮೇಲೆ ನನಗೂ ನೆನಪಾಗಕ್ಕೆ ಶುರುವಾಯ್ತು. ಹಾಲು ಉಕ್ಕಿದ್ದು, ಉರಿ ಆರಿದ್ದು, ನಾನು ನೋಡಿನೂ ಹಾಗೇ ಆಟಕ್ಕೆ ಓಡಿದ್ದು. ಎಲ್ಲ ನೆನಪಿದೆ ನನಗೆ. ಹಾಕ್ಕೊಂಡಿದ್ದ ಚಪ್ಪಲೀನೂ ನೆನಪಿದೆ.”

ಎದುರು ಕಟ್ಟಡದಲ್ಲಿ ಯಾರೋ ನಲ್ಲಿ ಬಿಟ್ಟು ನಿಲ್ಲಿಸಿದರು.

“ಹಾಗಾದ್ರೆ ಅದೇನು, ನನಗೆ ನೆನಪಿರೋದು?” ಎಂದು ಅವಳು ಕೇಳಿದಳು.

ಮೇಸ್ತ್ರಿ ಹೊಸ ಪೈಪಿನ ಕ್ಲಿಪ್ಪನ್ನು ಸುಮ್ಮನೆ ಮುಟ್ಟಿ ನೋಡಿದ. ಬಿಗಿಯಾಗಿಯೇ ಇತ್ತು.

“ನಾನು ಹೊರಡ್ಲಾ?” ಎಂದ. “ಏಜೆನ್ಸೀಲಿ ಬರೆದು ಕೊಡ್ತೀನಿ. ಯಾರ ಮುಂದೆ ಹೇಳು ಅಂದ್ರೂ ಹೇಳ್ತೀನಿ.”

“ಏಜೆನ್ಸಿ ಆಮೇಲೆ,” ಎಂದಳು ಹುಡುಗಿ. “ಅಪ್ಪ ಐದೂವರೆಗೆ ಬರ್ತಾರೆ. ನಾನು ಹೇಳಿದ್ರೆ ಅವರು ನಂಬಲ್ಲ. ನಂಬಿದ ಹಾಗೆ ಮಾಡ್ತಾರೆ. ನನ್ನ ಸಮಾಧಾನಕ್ಕೆ.” ಮೊದಲ ಸಲ ಅವಳು ಅವನ ಮುಖ ನೋಡಿದಳು. “ನೀವೇ ಹೇಳ್ಬೇಕು. ಆ ಕಡ್ಡಿ ತೋರಿಸಿ ಹೇಳ್ಬೇಕು.”

ಅವನು ಇನ್ನೆರಡು ಮನೆಗೆ ಹೋಗಬೇಕಿತ್ತು. ಫೋನ್ ಮಾಡಿ ಬರಲಾಗುವುದಿಲ್ಲ ಎಂದ. ನಡುಮನೆಯಲ್ಲಿ ಕುರ್ಚಿಗಳಿದ್ದವು, ಯಾರೂ ಕೂರಿ ಎನ್ನಲಿಲ್ಲ. ಚೀಲವನ್ನು ಗೋಡೆಗೆ ಒರಗಿಸಿ ಅದರ ಪಕ್ಕದಲ್ಲೇ ನಿಂತ. ಅತ್ತೆ ಪಾತ್ರೆಯನ್ನು ತೊಟ್ಟಿಗೆ ಹಾಕಿ ತಿಕ್ಕತೊಡಗಿದರು. ತುಂಬ ಹೊತ್ತು ತಿಕ್ಕಿದರು. ಮಧ್ಯೆ ಒಮ್ಮೆ ನಿಲ್ಲಿಸಿ, ಯಾರಿಗೆಂದಿಲ್ಲದೆ, “ನಾನೂ ನಂಬಿದ್ದೆನಲ್ಲ,” ಎಂದರು. ಹುಡುಗಿ ಒಲೆಯ ಮುಂದಿನಿಂದ ಕದಲಲಿಲ್ಲ.

ಐದು ಮುಕ್ಕಾಲಿನ ಹೊತ್ತಿಗೆ ಕೆಳಗಿನ ಗೇಟು ಕಿರುಗುಟ್ಟಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ನಿಧಾನವಾಗಿ, ಒಂದು ಕಾಲು ತುಸು ಎಳೆದಂತೆ. ಮೊದಲ ಮಹಡಿ ದಾಟಿತು. ಎರಡನೆಯ ಮಹಡಿಗೆ ಬಂದು ನಿಂತಿತು.

“ಮಂಡಿನೋವು,” ಅತ್ತೆ ನೀರು ನಿಲ್ಲಿಸಿ ಪಿಸುಗುಟ್ಟಿದರು. “ಅಲ್ಲಿ ಒಂದು ನಿಮಿಷ ನಿಂತು ಬರ್ತಾನೆ.”

ಹುಡುಗಿ ಹೋಗಿ ಹೊರಬಾಗಿಲ ಚಿಲಕ ತೆಗೆದಳು. ಬಾಗಿಲು ಅಂಗೈಯಗಲ ತೆರೆದುಕೊಂಡಿತು. ಆ ಸಂದಿಯಲ್ಲಿ ಮೆಟ್ಟಿಲ ಕಂಬಿ, ಅದರ ಕೆಳಗೆ ಮಬ್ಬು ಬೆಳಕು. ಕೆಳಗೆ ಯಾರೋ ಉಸಿರು ತಿರುಗಿಸಿಕೊಳ್ಳುವುದು ಕೇಳಿಸುತ್ತಿತ್ತು. ಮೂವರೂ ಅಲುಗದೆ ನಿಂತಿದ್ದರು. ಬಹಳ ಹೊತ್ತಾಯಿತೆನ್ನಿಸಿದ ಮೇಲೆ, ಒಂದು ಹೆಜ್ಜೆ ಮೇಲಿನ ಮೆಟ್ಟಿಲಿಗೆ ಬಂತು.